ಮೊಂತೆಸೋಲೆಗೆ ನಾನು ನಡೆದೇ ಹೋಗಿದ್ದೇನೆ

ನಾನು ಹದಿನೇಳು ವರ್ಷಗಳಿಂದ ಬಹ್ರೈನಿನ ಒಂದು ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದೇನೆ. ಬೆಟ್ಟದ ನಕ್ಷೆ ಓದುವುದನ್ನು ನನ್ನಷ್ಟು ಚೆನ್ನಾಗಿ ಹೇಳಿಕೊಡುವವರು ಈ ದ್ವೀಪದಲ್ಲಿ ಇನ್ನೊಬ್ಬರಿಲ್ಲ ಎಂಬುದು ನನ್ನ ನಮ್ರ ಅಭಿಪ್ರಾಯ. ಒಂದೇ ಎತ್ತರದ ಜಾಗಗಳನ್ನು ಸೇರಿಸುತ್ತ ಹೋಗುವ ಕಂದು ಗೆರೆಗಳಿರುತ್ತವಲ್ಲ, ಕಾಂಟೂರ್ ಗೆರೆಗಳು, ಅವನ್ನು ಬೋರ್ಡಿನ ಮೇಲೆ ಕಣ್ಣು ಮುಚ್ಚಿ ಎಳೆಯಬಲ್ಲೆ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು, ದೂರದೂರ ಇದ್ದರೆ ಸಲೀಸು. ಹೊರಟ ಗೆರೆ ಬೆಟ್ಟವನ್ನು ಸುತ್ತಿ ಹೊರಟಲ್ಲಿಗೇ ಬಂದು ಸೇರುತ್ತದೆ. ಇದು ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆ.

ಇಷ್ಟೆಲ್ಲ ತಿಳಿದ ನಾನು ಒಂದು ಬೆಟ್ಟವನ್ನೂ ಹತ್ತಿರಲಿಲ್ಲ ಎಂಬುದು ಸಣ್ಣ ವಿಷಯ. ಹುಟ್ಟಿದ್ದು ಕುಂದಾಪುರದ ಕಡಲ ದಂಡೆಯಲ್ಲಿ. ಬಂದು ಸೇರಿದ್ದು ರೊಟ್ಟಿಯ ಹಾಗೆ ಚಪ್ಪಟೆಯಾಗಿರುವ ಈ ದೇಶಕ್ಕೆ. ಇಲ್ಲಿ ಏರು ಎಂದರೆ ಫ್ಲೈಓವರ್. ಅದನ್ನೂ ಕಾರೇ ಹತ್ತುತ್ತದೆ. ಇಲ್ಲಿನ ಅತಿ ಎತ್ತರದ ಗುಡ್ಡಕ್ಕೆ ಒಮ್ಮೆ ಹೋಗಿದ್ದೆವು. ಎಸಿ ಆರಿಸದೆ, ಗಾಜು ಇಳಿಸದೆ ನೋಡಿ ಬಂದೆವು.

ಕಳೆದ ವರ್ಷ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು, ಮಿಸ್, ನೀವು ನಿಜವಾಗಿ ನಕ್ಷೆ ಹಿಡಿದು ಬೆಟ್ಟ ಹತ್ತಿದ್ದೀರಾ ಎಂದು ಇಂಗ್ಲಿಷಿನಲ್ಲಿ ಬಹಳ ವಿನಯದಿಂದ ಕೇಳಿದಳು. ನಾನು ಅವಳಿಗೆ ಹೋಮ್‌ವರ್ಕ್ ಕೊಟ್ಟೆ. ಮನೆಗೆ ಬಂದು ಗಂಡನಿಗೆ, ಈ ರಜೆಯಲ್ಲಿ ಬೆಟ್ಟ ಹತ್ತುವುದೇ ಸೈ ಎಂದು ಘೋಷಿಸಿದೆ.

ಗಂಡ ಸದಾನಂದರು ಅವಾಲಿಯ ಕಡೆಗಿನ ಒಂದು ಕಚೇರಿಯಲ್ಲಿ ಮ್ಯಾನೇಜರ್. ದಿನಾ ಹಮದ್ ಟೌನಿನ ನಮ್ಮ ಮನೆಯಿಂದ ಕಾರಿನಲ್ಲಿ ಹೋಗಿ ಕಾರಿನಲ್ಲಿ ಬರುವ ಶಾಂತ ಮನುಷ್ಯ. ಅವರು ಆಗಲೇ ಇಟಲಿಗೆ ಒಂದು ಬಸ್ ಟೂರ್ ನೋಡಿಟ್ಟಿದ್ದರು. ಮೂರು ಹೊತ್ತೂ ಸಸ್ಯಾಹಾರ, ಎಲ್ಲ ಊರಿಗೂ ಬಸ್ಸು, ಎಲ್ಲ ಬಸ್ಸಿಗೂ ಎಸಿ. ವಾದ ನಾಲ್ಕು ದಿನ ನಡೆಯಿತು. ಕೊನೆಗೆ ಟೂರ್ ಮುಗಿದ ಮೇಲೆ ಮೂರು ದಿನ ಉಂಬ್ರಿಯಾ ಎಂಬ ಗುಡ್ಡಗಾಡಿನಲ್ಲಿ ನನ್ನ ಇಷ್ಟದಂತೆ ಎಂದು ತೀರ್ಮಾನವಾಯಿತು. ಅಲ್ಲಿ ಗುಡ್ಡದ ನೆತ್ತಿಗೊಂದರಂತೆ ನೂರಾರು ವರ್ಷ ಹಳೆಯ ಕಲ್ಲಿನ ಊರುಗಳಿವೆ. ಹಿಂದೆ ಹೇಸರಗತ್ತೆಗಳು ಓಡಾಡುತ್ತಿದ್ದ ಕಾಲುದಾರಿಗಳು ಈಗಲೂ ಇವೆ. ಪೆತ್ರಾಲಾ ಎಂಬ ಊರಿನಿಂದ ಎದುರು ಗುಡ್ಡದ ಮೊಂತೆಸೋಲೆಗೆ ಅಂಥ ದಾರಿಯಲ್ಲಿ ನಡೆದು ಹೋಗುವುದು ನನ್ನ ಯೋಜನೆ. ಒಂದು ರಾತ್ರಿ ಇಲ್ಲಿ, ಮರುರಾತ್ರಿ ಅಲ್ಲಿ. ಊರುಗಳ ಹೆಸರು ಬದಲಿಸಿದ್ದೇನೆ. ಅವುಗಳ ಮಾನಕ್ಕಾಗಿ ಅಲ್ಲ, ನನ್ನ ಮಾನಕ್ಕಾಗಿ.

"ಮಂಡಿ ಗಟ್ಟಿ ಉಂಟಾ ಮಾರಾಯ್ತಿ?" ಎಂದಷ್ಟೇ ಇವರು ಕೇಳಿದರು. ಮರುದಿನದಿಂದ ನಾನು ಮಾಲ್‌ನ ಒಳಗೆ ಸಂಜೆ ಒಂದು ಗಂಟೆ ನಡೆಯತೊಡಗಿದೆ. ಅಂಗಡಿಯವರು ಮೊದಲ ವಾರ ಸೀರೆ ಬೇಕಾ, ಸೆಂಟು ಬೇಕಾ ಎಂದು ಕರೆದರು. ಎರಡನೇ ವಾರ ಸುಮ್ಮನಾದರು. ಬೆಟ್ಟಕ್ಕೆಂದೇ ಮಾಡಿದ ಬೂಟು, ಎರಡು ಕೋಲು, ಸೊಂಟಕ್ಕೂ ಎದೆಗೂ ಬಿಗಿಯುವ ಬ್ಯಾಗು ಬಂದವು. ಅದನ್ನು ಹಾಕಿಕೊಂಡು ಮನೆಯೊಳಗೆ ಓಡಾಡಿದೆ. ಬಿಚ್ಚಲು ಇವರು ಬರಬೇಕಾಯಿತು.

ಜುಲೈಯಲ್ಲಿ ಪೆತ್ರಾಲಾ ಮುಟ್ಟಿದೆವು. ನಾವು ಉಳಿದ ಮನೆಯ ಒಡತಿ ರೊಸೆಲ್ಲಾ ಎಂಬ ನಗುಮುಖದ ಹೆಂಗಸು. ಜೊತೆಗೆ ಅವಳ ಎಂಬತ್ತು ದಾಟಿದ ಅತ್ತೆ. ಬೆಳಿಗ್ಗೆ ಕಾಫಿ ಕೊಡುತ್ತ ರೊಸೆಲ್ಲಾ ಬಿಸಿಲು ಜಾಸ್ತಿ, ಬಸ್ಸಿದೆ ಎಂದಳು. ನಾನು ಬಹ್ರೈನಿನಿಂದ ಬಂದವಳು, ಬಿಸಿಲಿನ ವಿಷಯ ನನ್ನ ಹತ್ತಿರ ಹೇಳಬೇಡಿ ಎಂದೆ. ದೊಡ್ಡ ಪೆಟ್ಟಿಗೆಗಳನ್ನು ಅವಳಲ್ಲೇ ಬಿಟ್ಟು ಊರಿನ ಕೆಳಬಾಗಿಲಿನಿಂದ ಇಳಿದೆವು.

ಅರ್ಧ ಗಂಟೆ ನಡೆದ ಮೇಲೆ ಕನ್ಯೆ ಮೇರಿಯ ಪುಟ್ಟ ಗುಡಿಯೊಂದು ಬಂತು. ಅಲ್ಲಿ ದಾರಿ ಎರಡಾಗುತ್ತದೆ. ಬಲಗಡೆಯದು ಕಣಿವೆಗೆ ಧುಮುಕುತ್ತದೆ. ಎಡಗಡೆಯದು ನೆರಳಿನಲ್ಲಿ ಹಿತವಾಗಿ ಸಾಗುತ್ತದೆ. ನಾನು ನಕ್ಷೆ ಬಿಡಿಸಿದೆ.

"ಬಲಕ್ಕೆ ಅಂತ ಕಾಣ್ತದೆ," ಎಂದರು ಇವರು.

"ನಿಮಗೆ ಹೇಳಿದ್ದು ಯಾರು?"

"ಅಲ್ಲ, ಹಾಗೆ ಕಂಡಿತು."

ಕಾಣುವುದಕ್ಕೂ ತಿಳಿಯುವುದಕ್ಕೂ ವ್ಯತ್ಯಾಸವಿದೆ ಎಂದು ಅವರಿಗೆ ವಿವರಿಸಿದೆ. ಹಿಂದಿನ ಕಾಲದ ಜನ ಬುದ್ಧಿವಂತರು, ಹೊರೆ ಹೊತ್ತ ಪ್ರಾಣಿಯನ್ನು ಸುಮ್ಮನೆ ಇಳಿಸಿ ಹತ್ತಿಸುತ್ತಿರಲಿಲ್ಲ, ಗುಡ್ಡದ ಬೆನ್ನು ಹಿಡಿದೇ ಆಚೆ ಹೋಗುತ್ತಿದ್ದರು ಎಂದು ಹತ್ತು ನಿಮಿಷದ ಪಾಠ ಮಾಡಿದೆ. ಇವರು ಕೇಳಿ, ಎಡಕ್ಕೆ ನಡೆದರು.

ಎಂಥ ದಾರಿ ಅದು! ಏರಿಲ್ಲ, ಇಳಿತವಿಲ್ಲ. ಒಂದು ಬದಿ ಆಲಿವ್ ಮರಗಳು, ಇನ್ನೊಂದು ಬದಿ ಕಲ್ಲಿನ ಗೋಡೆ. ಬೆಟ್ಟ ಹತ್ತುವುದು ಇಷ್ಟು ಸುಲಭ ಎಂದು ತಿಳಿದಿದ್ದರೆ ಯಾವಾಗಲೋ ಹತ್ತುತ್ತಿದ್ದೆ ಎಂದೆ. ನಾಲ್ಕು ಗಂಟೆ ನಡೆದೆವು. ಅದರಲ್ಲಿ ಒಂದೂವರೆ ಗಂಟೆ ಕೂತಿದ್ದೆವು ಎಂಬುದು ಇವರ ಲೆಕ್ಕ, ನಾನು ಒಪ್ಪಿಲ್ಲ. ಕೊನೆಯಲ್ಲಿ ಒಂದು ಕಡಿದಾದ ಏರು ಬಂತು. ನಾಲಿಗೆ ಒಣಗಿ, ಎರಡೂ ಕೋಲು ಊರಿ ಹತ್ತಿದರೆ ಎದುರಿಗೆ ಕಲ್ಲಿನ ಹೆಬ್ಬಾಗಿಲು, ಗಂಟೆಗೋಪುರ, ಓಣಿ. ಮೊಂತೆಸೋಲೆ.

ಕಣ್ಣಲ್ಲಿ ನೀರು ಬಂತು. ಐವತ್ತೆರಡನೇ ವಯಸ್ಸಿನಲ್ಲಿ, ನನ್ನ ಕಾಲಿನ ಮೇಲೆ, ನನ್ನ ನಕ್ಷೆ ಹಿಡಿದು. ಊರಿನ ನಡುವಿನ ಚೌಕದಲ್ಲಿ ನಿಂತು ಫೋಟೊ ತೆಗೆಸಿಕೊಂಡೆ, ಒಂದಲ್ಲ, ಹದಿನಾರು. 'ಮೊಂತೆಸೋಲೆ ಗೆದ್ದೆ' ಎಂದು ಶಾಲೆಯ ಟೀಚರುಗಳ ಗ್ರೂಪಿಗೆ ಕಳಿಸಿದೆ. ಇವರು ಗೋಡೆ ಮೇಲಿದ್ದ ಒಂದು ಕಿವಿ ಹರಿದ ಬೆಕ್ಕನ್ನೇ ನೋಡುತ್ತಿದ್ದರು. ಇದನ್ನು ಬೆಳಿಗ್ಗೆ ನೋಡಿದ ಹಾಗೆ ಉಂಟಲ್ಲ ಎಂದರು. ಗುಡ್ಡದ ಬೆಕ್ಕುಗಳೆಲ್ಲ ಒಂದೇ ಜಾತಿ, ಒಂದೇ ಥರ ಇರುತ್ತವೆ ಎಂದೆ. ಕಿವಿಯೂ ಒಂದೇ ಥರ ಹರಿದಿರುತ್ತದಾ ಎಂದರು. ನಾನು ವಿಳಾಸದ ಚೀಟಿ ಹೊರಗೆ ತೆಗೆದೆ.

ಬೀನ್ಸ್ ಬಿಡಿಸುತ್ತ ಕೂತಿದ್ದ ಒಬ್ಬಾಕೆಗೆ ನಾವು ಉಳಿಯಬೇಕಾದ ಮನೆಯ ವಿಳಾಸ ತೋರಿಸಿದೆ. ಆಕೆ ನಕ್ಕು, ಕಣಿವೆಯ ಆಚೆಗಿನ ಗುಡ್ಡದತ್ತ ಕೈ ಮಾಡಿದಳು. ಇಲ್ಲಿಂದ ನೋಟ ಚೆನ್ನಾಗಿದೆ ಎನ್ನುತ್ತಿದ್ದಾಳೆ ಎಂದು ಇವರಿಗೆ ಅನುವಾದಿಸಿದೆ.

ಅಷ್ಟರಲ್ಲಿ ಗ್ರೂಪಿನಲ್ಲಿ ಲೀಲಾ ಮಿಸ್ ಉತ್ತರ ಬಂತು. ಲೀಲಾ ನಮ್ಮ ಗಣಿತದ ಟೀಚರ್, ಬಹ್ರೈನಿನ ಸೆಗಯಾದ ತನ್ನ ಫ್ಲಾಟಿನಲ್ಲಿ ಫೋಟೊ ದೊಡ್ಡದು ಮಾಡಿ ನೋಡಿದ್ದಾಳೆ. ಅಭಿನಂದನೆ ಹೇಳಿ ಕೆಳಗೆ ಬರೆದಿದ್ದಳು: "ಹಿಂದೆ ಪೋಸ್ಟ್ ಆಫೀಸಿನ ಬೋರ್ಡಿನಲ್ಲಿ ಪೆತ್ರಾಲಾ ಅಂತ ಉಂಟಲ್ಲ ಸುಮನಾ?"

ತಿರುಗಿ ನೋಡಿದೆ. ಇತ್ತು. ಒಂದು ಕ್ಷಣ ಯೋಚಿಸಿ, ಅದು ಅವರ ಶಾಖೆ ಎಂದು ಉತ್ತರ ಕಳಿಸಿದೆ. ಹಾಗೆಯೇ ತಲೆ ಎತ್ತಿ ಓಣಿಯೊಂದಕ್ಕೆ ನುಗ್ಗಿದೆ. ಮೂರನೇ ಬಾಗಿಲಲ್ಲಿ ಹೂಕುಂಡಕ್ಕೆ ನೀರು ಹಾಕುತ್ತಿದ್ದವಳು ರೊಸೆಲ್ಲಾ. ಅವಳು ಗಾಬರಿಯಾಗಿ, ಏನಾದರೂ ಮರೆತು ಹೋದಿರಾ ಎಂದು ಕೇಳಿದಳು.

ನಾನು ನಾಲ್ಕು ಗಂಟೆ ಒಂದು ಕಾಂಟೂರ್ ಗೆರೆಯ ಮೇಲೆ ನಡೆದಿದ್ದೆ. ಗುಡ್ಡವನ್ನು ಪ್ರದಕ್ಷಿಣೆ ಹಾಕಿ ಅದೇ ಊರಿನ ಹಿಂಬಾಗಿಲಿನಿಂದ ಒಳಗೆ ಬಂದಿದ್ದೆ. ಒಂದು ಅಂಕ ಹೋಯಿತು.

ಅದೇ ಕೋಣೆ ಖಾಲಿ ಇತ್ತು. ಸಂಜೆ ಊಟಕ್ಕೆ ಕೂತಾಗ ರೊಸೆಲ್ಲಾಳ ಅತ್ತೆ, ಆ ಅಜ್ಜಿ, ಏನೋ ಹೇಳಿದರು. ಇವರ ಫೋನು ಅದನ್ನು ನಿರ್ದಯವಾಗಿ ಇಂಗ್ಲಿಷಿಗೆ ತಿರುಗಿಸಿತು. ಮೇರಿಯ ಗುಡಿಯಲ್ಲಿ ಬಲಕ್ಕೆ ಹೋಗಿ ಎಂದು ನಿಮ್ಮ ಗಂಡನಿಗೆ ಬೆಳಿಗ್ಗೆ ಹೇಳಿದ್ದೆನಲ್ಲ, ಅವರು ಮೂರು ಸಲ ಬಾಯಿಪಾಠ ಮಾಡಿ ಒಪ್ಪಿಸಿದ್ದರಲ್ಲ ಎಂದು ಅಜ್ಜಿ ಕೇಳುತ್ತಿದ್ದರು.

ನಾನು ಫೋರ್ಕು ಕೆಳಗಿಟ್ಟೆ. "ಗೊತ್ತಿದ್ದೂ ನನ್ನ ಹಿಂದೆ ಬಂದಿರಾ?"

"ನಾನು ಹೇಳಿದೆನಲ್ಲ, ಬಲಕ್ಕೆ ಅಂತ."

"ಹಾಗೆ ಕಂಡಿತು ಅಂದಿರಿ. ಅಜ್ಜಿ ಹೇಳಿದ್ದು ಅನ್ನಲಿಲ್ಲ."

"ಅಂದಿದ್ದರೆ ಅಜ್ಜಿಗೂ ಪಾಠ ಆಗ್ತಿತ್ತು," ಎಂದು ಇವರು ಸೂಪು ಕುಡಿದರು.

ನನಗೆ ನಿದ್ದೆ ಬರಲಿಲ್ಲ. ಸಿಟ್ಟು ಯಾರ ಮೇಲೆ ಎಂದು ಸರಿಯಾಗಿ ಗೊತ್ತಾಗಲಿಲ್ಲ, ಅದರಿಂದ ಸಿಟ್ಟು ಇನ್ನೂ ಹೆಚ್ಚಿತು. ನಾಲ್ಕು ಗಂಟೆ ಈ ಮನುಷ್ಯ ತಪ್ಪು ದಾರಿ ಎಂದು ತಿಳಿದೂ ನನ್ನ ನೀರಿನ ಬಾಟಲಿ ಹೊತ್ತು ಬಂದಿದ್ದಾನೆ. ಇದನ್ನು ಪ್ರೀತಿ ಎನ್ನಬೇಕೋ ಹಾಸ್ಯ ಎನ್ನಬೇಕೋ. ಬೆಳಿಗ್ಗೆ ಎದ್ದು ಹೇಳಿಬಿಟ್ಟೆ: ನೀವು ಪೆಟ್ಟಿಗೆ ತಗೊಂಡು ಬಸ್ಸಿನಲ್ಲಿ ಹೋಗಿ. ನಾನು ಒಬ್ಬಳೇ ನಡೆದು ಬರ್ತೇನೆ.

"ಸುಮ, ಖಲಾಸ್. ಆಯ್ತಲ್ಲ ನಿನ್ನೆ," ಎಂದರು. ಮಂಡಿ ಊದಿದ್ದನ್ನು ನೆನಪಿಸಿದರು. ಊದಿದ್ದು ಎಡಮಂಡಿ, ನಾನು ಹೋಗುವುದು ಬಲಕ್ಕೆ ಎಂದೆ.

ನಕ್ಷೆಯನ್ನು ಬ್ಯಾಗಿನ ತಳಕ್ಕೆ ತುರುಕಿದೆ. ಮೇರಿಯ ಗುಡಿಯಲ್ಲಿ ನಿಂತು, ಆ ತಾಯಿಗೆ ಕೈಮುಗಿದು, ಬಲಕ್ಕೆ ಇಳಿದೆ. ಇಳಿದೆ ಎನ್ನುವುದು ಗೌರವದ ಮಾತು. ಮೊದಲ ಹತ್ತು ಹೆಜ್ಜೆ ಕಾಲಿನ ಮೇಲೆ, ಆಮೇಲೆ ಕೂತುಕೊಂಡೇ ಜಾರಿದೆ. ಕಣಿವೆಯ ತಳದಲ್ಲಿ ಒಣಗಿದ ತೊರೆ. ಅಲ್ಲಿಂದ ಏರು. ಬೋರ್ಡಿನ ಮೇಲೆ ನಾನು ಒತ್ತೊತ್ತಾಗಿ ಎಳೆಯುತ್ತಿದ್ದ ಗೆರೆಗಳು ಏನೆಂದು ಆಗ ತಿಳಿಯಿತು. ಒಂದೊಂದು ಗೆರೆಯೂ ಮಂಡಿಯಲ್ಲಿ ಬರೆದುಕೊಂಡಿತು. ಇಪ್ಪತ್ತು ಹೆಜ್ಜೆಗೊಮ್ಮೆ ಕೂತೆ. ಒಂದು ಕಡೆ ಬಂಡೆ ದಾಟಲು ನಾಲ್ಕು ಕಾಲಿನ ಪ್ರಾಣಿಯಾದೆ. ವಾಪಸು ಹೋಗಲೇ ಎಂದು ಒಮ್ಮೆ ಹಿಂತಿರುಗಿ ನೋಡಿದೆ. ಪೆತ್ರಾಲಾ ಆಗಲೇ ಬಲು ದೂರದಲ್ಲಿ, ಎದುರು ಗುಡ್ಡದ ಮೇಲೆ ಟೋಪಿಯ ಹಾಗೆ ಕೂತಿತ್ತು. ಅಷ್ಟು ದೂರ ನಾನೇ ಬಂದದ್ದು. ಯಾರೂ ಇಲ್ಲದ ಆ ಕಾಡಿನಲ್ಲಿ ಒಬ್ಬಳೇ ಜೋರಾಗಿ ನಕ್ಕೆ. ಮತ್ತೆ ಹತ್ತಿದೆ.

ಮೊಂತೆಸೋಲೆಯ ಬಾಗಿಲಿನೊಳಗೆ ಕಾಲಿಟ್ಟದ್ದು ಮಧ್ಯಾಹ್ನ. ಈ ಸಲ ಮೊದಲು ಬೋರ್ಡು ಓದಿದೆ. ಸರಿಯಾಗಿತ್ತು. ಎದೆ ಉಬ್ಬಿಸಿ ಚೌಕಕ್ಕೆ ಬರುವುದಕ್ಕೂ ಮಧ್ಯಾಹ್ನದ ಬಸ್ಸು ಹಾರ್ನ್ ಹಾಕುತ್ತ ಬಂದು ನಿಲ್ಲುವುದಕ್ಕೂ ಸರಿಹೋಯಿತು. ನಾಲ್ಕು ಜನ ಇಳಿದರು. ಅವರ ಜೊತೆ ಸೇರಿ ನಾನೂ ಚೌಕ ದಾಟಿದೆ, ಐದನೆಯವಳಾಗಿ. ಬೆಳಗಿನ ಬಸ್ಸಿಗೇ ಬಂದಿಳಿದಿದ್ದ ಇವರು ಕಾಫಿ ಅಂಗಡಿಯ ಕೊಡೆಯ ಕೆಳಗೆ ಕೂತಲ್ಲೇ ನಿದ್ದೆ ಹೋಗಿದ್ದರು. ಹಾರ್ನ್‌ಗೆ ಎಚ್ಚರವಾಗಿ ಬಸ್ಸು ನೋಡಿದರು, ನನ್ನನ್ನು ನೋಡಿದರು, ಮುಖ ಅರಳಿತು.

"ಒಳ್ಳೇದಾಯ್ತು. ಬಸ್ಸು ಸಿಕ್ಕಿತಲ್ಲ."

ನಡೆದೇ ಬಂದೆ ಎಂದೆ. ಬೂಟು ತೋರಿಸಿದೆ, ತರಚಿದ ಅಂಗೈ ತೋರಿಸಿದೆ, ಬಂಡೆಯ ಕಥೆ ಹೇಳಿದೆ. ಇವರು ಬಹಳ ಮೃದುವಾಗಿ ನನ್ನ ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿದರು. ಬಿಸಿಲು ನೆತ್ತಿಗೇರಿದವರ ಜೊತೆ ಮಾತಾಡುವ ಹಾಗೆ, ಆಯ್ತು ಮಾರಾಯ್ತಿ, ಎಲ್ಲರ ಹತ್ತಿರ ಹಾಗೇ ಹೇಳುವ ಎಂದರು.

ಬಸ್ಸಿನ ಡ್ರೈವರನನ್ನು ಸಾಕ್ಷಿಗೆ ಕರೆಯಲು ಎದ್ದೆ. ಮಂಡಿ ಏಳಲಿಲ್ಲ. ಬಸ್ಸು ಹೊರಟುಹೋಯಿತು.

ಅದಕ್ಕೇ ಇದನ್ನು ಬರೆದದ್ದು. ನಿನ್ನೆ ಪೂರ್ತಿ ಇವರಿಗೆ ಓದಿ ಹೇಳಿದೆ. ಗಮನವಿಟ್ಟು ಕೇಳಿದರು. ಚೆನ್ನಾಗಿ ಬರೆದಿದ್ದೀ, ಕೊನೆಯ ಭಾಗದಲ್ಲಿ ಕಲ್ಪನೆ ವಿಶೇಷವಾಗಿ ಬಂದಿದೆ ಎಂದರು.