ಸಂಚಾರಿ ಘಟಕದ ಕೂಗು ಪುಸ್ತಕ

ಕೊಡಗಿನಲ್ಲಿ ಅನ್ನ ಎರಡು ಬಗೆಯಲ್ಲಿ ಬೇಯುತ್ತದೆ. ಮನೆಗಳಲ್ಲಿ ಬೆಂಕಿಯಿಂದ, ಸಂಚಾರಿ ಕಾಫಿ ಗಿಡ ಎಣಿಕೆ ಘಟಕದಲ್ಲಿ ದಾಖಲೆಯಿಂದ. ಎರಡನೆಯದೇ ಹೆಚ್ಚು ಮೆತ್ತಗಿರುತ್ತದೆಂಬುದು ಬಲ್ಲವರ ಅಭಿಪ್ರಾಯ.

ಘಟಕ ಎಂದರೆ ಭಾರೀ ಕಟ್ಟಡವೇನಲ್ಲ. ಒಂದು ಜೀಪು, ಅದರ ಡ್ರೈವರ್ ಜವರಪ್ಪ, ಗಿಡ ಎಣಿಸುವ ಅಧಿಕಾರಿ ವಿಷ್ಣುಪ್ರಸಾದ್, ಎಣಿಸಿದ್ದನ್ನು ಬರೆದುಕೊಳ್ಳುವ ಗುಮಾಸ್ತೆ ಹಂಸಿನಿ, ಎಸ್ಟೇಟಿನಿಂದ ಎಸ್ಟೇಟಿಗೆ ಇವರ ಜೊತೆ ಸುತ್ತುತ್ತಾ ಬೇಯಿಸಿ ಹಾಕುವ ಸಿದ್ದರಾಜು, ಮತ್ತು ಐದು ಲೀಟರಿನ ಒಂದು ಸರ್ಕಾರಿ ಕುಕ್ಕರ್. ಅಷ್ಟೇ.

ಸಿದ್ದರಾಜು ಹನ್ನೊಂದು ವರ್ಷದಿಂದ ತಾತ್ಕಾಲಿಕ. ಹೆಂಡತಿ ರಂಗಮ್ಮನ ತವರು ಹಾಸನದ ಕಡೆ. ಅಲ್ಲಿನ ಮದುವೆಗಳಲ್ಲಿ ಎಲೆಯ ಮುಂದೆ ಕೂತ ತಕ್ಷಣ ಭಾವಮೈದುನ ನಂದೀಶ್, "ಏನ್ ಭಾವ, ಪರ್ಮನೆಂಟ್ ಆಯ್ತಾ?" ಎಂದು ಇಡೀ ಪಂಕ್ತಿಗೆ ಕೇಳಿಸುವಂತೆ ವಿಚಾರಿಸುತ್ತಿದ್ದ. ಪಾಯಸ ಬರುವ ಮುಂಚೆಯೇ ಸಿದ್ದರಾಜು ಕೈ ತೊಳೆಯಲು ಏಳುತ್ತಿದ್ದ.

ಈ ವರ್ಷ ಮೇಲಿನಿಂದ ಸುತ್ತೋಲೆ ಬಂತು: ಮಾರ್ಚ್ ಮೂವತ್ತೊಂದರವರೆಗೆ ಕೂಗು ಪುಸ್ತಕದಲ್ಲಿ ಒಂದು ಹೊತ್ತೂ ಖಾಲಿ ಬಿಡದೆ ಕರ್ತವ್ಯ ನಿರ್ವಹಿಸಿದವರ ಸೇವೆಯನ್ನು ಕಾಯಂಗೊಳಿಸಲಾಗುವುದು. ಕೂಗು ಪುಸ್ತಕ ಎಂದರೆ ಕುಕ್ಕರ್ ಎಷ್ಟು ಸಲ ಕೂಗಿತೆಂದು ಹೊತ್ತುಹೊತ್ತಿಗೆ ಬರೆದಿಡುವ ಪುಸ್ತಕ. ಮೊದಲ ಪುಟದಲ್ಲೇ ನಿಯಮ ಅಚ್ಚಾಗಿದೆ: "ಅಕ್ಕಿಗೆ ಮೂರು ಕೂಗು, ಬೇಳೆಗೆ ನಾಲ್ಕು, ಹುರುಳಿಗೆ ಆರು. ನಿಗದಿತ ಕೂಗು ಪೂರೈಸದ ಅನ್ನವನ್ನು ಎಲ್ಲ ಉದ್ದೇಶಗಳಿಗೂ ಅಕ್ಕಿ ಎಂದೇ ಪರಿಗಣಿಸತಕ್ಕದ್ದು."

ಮಾರ್ಚ್ ಹನ್ನೆರಡರ ಬೆಳಗಿನವರೆಗೂ ಪುಸ್ತಕ ತುಂಬಿಕೊಂಡೇ ಬಂತು. ಅಂದು ಪಾಲಿಬೆಟ್ಟದ ಒಂದು ಎಸ್ಟೇಟಿನಲ್ಲಿ, ಕೂಲಿಯವರ ಲೈನ್ ಮನೆಗಳ ಪಕ್ಕದ ಬಂಡೆಯ ಮೇಲೆ ಸಿದ್ದರಾಜು ತೊಳೆದು ಒಣಗಲಿಟ್ಟಿದ್ದ ವಿಷಲ್ಲನ್ನು, ಅಂದರೆ ಮುಚ್ಚಳದ ಮೇಲೆ ಕೂತು ಕೂಗುವ ಆ ಗುಂಡನ್ನು, ಕೋತಿಯೊಂದು ಎತ್ತಿಕೊಂಡು ಸಿಲ್ವರ್ ಓಕ್ ಮರ ಹತ್ತಿತು. ಕಚ್ಚಿ ನೋಡಿತು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿತು, ಮುಂದಿನ ಮರಕ್ಕೆ ಹಾರಿತು. ಅಲ್ಲಿಂದಾಚೆಗೆ ಅದರ ಬಗ್ಗೆ ಮಾಹಿತಿ ಲಭ್ಯವಿಲ್ಲ.

ಸಿದ್ದರಾಜು ಕುಕ್ಕರಿನ ಮೇಲೆ ತಟ್ಟೆ ಮುಚ್ಚಿ ಅನ್ನ ಮಾಡಿದ.

"ಬೆಂದಿದೆ ಸಾರ್, ನೋಡಿ," ಎಂದು ಒಂದು ಅಗುಳನ್ನು ಬೆರಳಲ್ಲಿ ಹಿಸುಕಿ ತೋರಿಸಿದ.

ವಿಷ್ಣುಪ್ರಸಾದ್ ಕನ್ನಡಕ ಏರಿಸಿ ನೋಡಿದರು. "ಬೆಂದಿರಬಹುದು. ಎಷ್ಟು ಕೂಗು?"

"ವಿಷಲ್ಲೇ ಇಲ್ವಲ್ಲ ಸಾರ್."

"ಹಾಗಾದರೆ ಇದು ಅಕ್ಕಿ."

ಜವರಪ್ಪ ಆಗಲೇ ನಾಲ್ಕು ತುತ್ತು ನುಂಗಿದ್ದ. "ನಾನು ತಿಂದಿದ್ದು ಸಾರ್?"

"ಹಸಿ ಅಕ್ಕಿ. ಹೊಟ್ಟೆ ನೋವು ಬಂದರೆ ರಜೆ ಅರ್ಜಿ ಕೊಡಿ."

ಜವರಪ್ಪನಿಗೆ ತಕ್ಷಣ ಹೊಟ್ಟೆ ನೋವು ಬಂತು.

"ಪೇಟೇಲಿ ವಿಷಲ್ ಸಿಗುತ್ತೆ ಸಾರ್, ಓಡಿಹೋಗಿ ತರ್ಲಾ?" ಎಂದು ಸಿದ್ದರಾಜು ಕೇಳಿದ.

"ಕಳೆದುಹೋದದ್ದರ ತನಿಖೆ ಮುಗಿಯದೆ ಹೊಸದನ್ನು ಕೊಳ್ಳುವಂತಿಲ್ಲ ಸಿದ್ದರಾಜು. ತನಿಖೆಗೆ ಕೋತಿಯ ಹೇಳಿಕೆ ಬೇಕು."

ಸಿದ್ದರಾಜು ಬಾಯಿಗೆ ಎರಡು ಬೆರಳಿಟ್ಟು ತಾನೇ ಮೂರು ಸಲ ಶಿಳ್ಳೆ ಹಾಕಿದ. ಬೇಯಿಸಿದವನೇ ಕೂಗುವಂತಿಲ್ಲವೆಂದು ಅದು ತಿರಸ್ಕೃತವಾಯಿತು. ಜವರಪ್ಪ ಹೊಟ್ಟೆ ಹಿಡಿದುಕೊಂಡೇ ಹೋಗಿ ಜೀಪಿನ ಹಾರನ್ ಮೂರು ಸಲ ಒತ್ತಿದ. ಅದು ವಾಹನ ಶಾಖೆಗೆ ಸೇರಿದ ಶಬ್ದವೆಂದು ತಿರಸ್ಕೃತವಾಯಿತು. ಮಧ್ಯಾಹ್ನದ ಕಲಮು ಎರಡು ಗಂಟೆಗೆ ಮುಚ್ಚಬೇಕು. ಗಂಟೆ ಒಂದೂ ಮುಕ್ಕಾಲು. ಹಂಸಿನಿ ಖಾಲಿ ಚೌಕದ ಮೇಲೆ ಪೆನ್ನು ಹಿಡಿದು, "ಏನು ಬರೀಲಿ ಸಿದ್ದಣ್ಣ?" ಎಂದು ಮೆಲ್ಲಗೆ ಕೇಳಿದಳು.

ಸಿದ್ದರಾಜು ಬಂಡೆಯ ಮೇಲೆ ಕೂತು ಕುಶಾಲನಗರದ ಮನೆಗೆ ಫೋನ್ ಹಚ್ಚಿದ. ಅವನ ಫೋನು ಹಳೆಯದು, ಸ್ಪೀಕರಿನಲ್ಲಿ ಮಾತ್ರ ಮಾತಾಡುತ್ತಿತ್ತು.

"ರಂಗಿ, ಮುಗೀತು ಕಣೇ. ಹನ್ನೊಂದು ವರ್ಷಾನ ಕೋತಿ ಎತ್ಕೊಂಡು ಹೋಯ್ತು."

"ಕೋತೀನಾ? ನಿಮ್ಮ ಹತ್ರ ಎತ್ಕೊಂಡು ಹೋಗೋವಂಥದ್ದು ಏನಿತ್ತು?" ಎಂದು ರಂಗಮ್ಮ ಕೇಳುವಷ್ಟರಲ್ಲಿ, ಅವಳ ಹಿಂದೆ ಕುಕ್ಕರ್ ಉದ್ದಕ್ಕೆ ಕೂಗಿತು.

ವಿಷ್ಣುಪ್ರಸಾದ್ ಕೈ ಎತ್ತಿದರು. "ಏನದು?"

"ನಮ್ಮನೆ ಕುಕ್ಕರ್ ಸಾರ್."

"ಕುಕ್ಕರ್ ಎಲ್ಲಿರಬೇಕೆಂದು ನಿಯಮದಲ್ಲಿ ಹೇಳಿಲ್ಲ. ಹಂಸಿನಿ, ಒಂದು ಎಂದು ಬರೆದುಕೊಳ್ಳಿ. ಅಮ್ಮಾ, ಇನ್ನೆರಡು ಕೂಗಿಸಿ."

"ಅಯ್ಯೋ ಸ್ವಾಮಿ, ಒಳಗಿರೋದು ಆಲೂಗಡ್ಡೆ! ಕರಗಿ ನೀರಾಗುತ್ತೆ!"

"ಕರಗಲಿ. ಸರ್ಕಾರಿ ಕೆಲಸ."

ಆಲೂಗಡ್ಡೆ ಕರಗಿತು. ಮೂರನೆಯ ಕೂಗು ಮುಗಿದ ಕ್ಷಣವೇ ಪಾಲಿಬೆಟ್ಟದ ಅಕ್ಕಿ ಅನ್ನವಾಯಿತು. ಜವರಪ್ಪನ ಹೊಟ್ಟೆ ನೋವು ಪೂರ್ವಾನ್ವಯವಾಗಿ ವಾಸಿಯಾಯಿತು.

ಅಂದಿನಿಂದ ಘಟಕ ಎಲ್ಲೇ ಒಲೆ ಹಚ್ಚಲಿ, ಕುಶಾಲನಗರದಲ್ಲೂ ಒಲೆ ಹತ್ತುತ್ತಿತ್ತು. "ನಾನೊಬ್ಳೇ ಇರೋದು. ಎರಡು ಹೊತ್ತು ಇಷ್ಟಿಷ್ಟು ಕೂಗಿಸಿ ಯಾರಿಗೆ ಬಡಿಸ್ಲಿ?" ಎಂದು ರಂಗಮ್ಮ ರೇಗಿದಳು. ಬರೀ ನೀರಿಟ್ಟು ಕೂಗಿಸೆಂದು ಸಿದ್ದರಾಜು ಪಿಸುಗುಟ್ಟಿದ. ಹಾಗೆ ಮಾಡಿದರೆ ಅದು ಸುಳ್ಳು ದಾಖಲೆಯಾಗುತ್ತದೆಂದು ವಿಷ್ಣುಪ್ರಸಾದ್ ಎಚ್ಚರಿಸಿದರು. ಕೊನೆಗೆ ಅಕ್ಕಪಕ್ಕದವರನ್ನು ಕರೆದು ಬಡಿಸಬೇಕಾಯಿತು. ನಾಲ್ಕೇ ದಿನಕ್ಕೆ ಅವರು ತಮ್ಮ ಮನೆಯ ಒಲೆ ಹಚ್ಚುವುದನ್ನು ಬಿಟ್ಟು, ಇಲ್ಲಿ ಉಪ್ಪು ಕಮ್ಮಿ ಎನ್ನತೊಡಗಿದರು.

ಗಡಿಯ ಕುಟ್ಟದಲ್ಲಿ ಒಂದು ಸೂಕ್ಷ್ಮ ಪ್ರಶ್ನೆ ಎದ್ದಿತು. ಫೋನು ಕೇರಳದ ಟವರು ಹಿಡಿದಿತ್ತು. ಹೊರರಾಜ್ಯದ ಮೂಲಕ ಬಂದ ಕೂಗು ಕರ್ನಾಟಕದ ಅನ್ನಕ್ಕೆ ಅನ್ವಯಿಸುತ್ತದೆಯೇ? ವಿಷ್ಣುಪ್ರಸಾದ್ ಅರ್ಧ ಗಂಟೆ ಯೋಚಿಸಿ, ಕುಟ್ಟದಲ್ಲಿರುವಷ್ಟು ದಿನ ಕುಸುಬಲಕ್ಕಿಯನ್ನೇ ಬೇಯಿಸತಕ್ಕದ್ದೆಂದು ಆದೇಶಿಸಿದರು. ಅದು ಕೇರಳದವರು ಉಣ್ಣುವ, ಎಂಟು ಕೂಗು ಕೇಳುವ ಅಕ್ಕಿ. ಎಂಟನ್ನೂ ಕೂಗಿಸಿದ ರಂಗಮ್ಮ, "ಇನ್ಯಾವುದಾದ್ರೂ ರಾಜ್ಯ ಉಳಿದಿದೆಯಾ ಕೇಳಿ ನಿಮ್ಮ ಸಾಹೇಬ್ರನ್ನ," ಎಂದಳು.

ಕಕ್ಕಬೆಯಲ್ಲಂತೂ ಸಿಗ್ನಲ್ಲೇ ಇಲ್ಲ. ಒಲೆಯ ಮೇಲೆ ಅಕ್ಕಿಯಿಟ್ಟು ನಾಲ್ವರೂ ಗುಡ್ಡ ಹತ್ತಿ, ಮೂರು ಕೂಗು ಕೇಳಿಸಿಕೊಂಡು ಇಳಿದು ಬರುವಷ್ಟರಲ್ಲಿ ಕುಕ್ಕರಿನೊಳಗೆ ಇದ್ದಿಲಿತ್ತು.

"ಸೀದುಹೋಗಿದೆ ಸಾರ್," ಎಂದಳು ಹಂಸಿನಿ.

"ಪುಸ್ತಕದಲ್ಲಿ ಮೂರು ಕೂಗಿದೆ. ಬಡಿಸಿ."

ಬಡಿಸಿದ್ದಾಯಿತು. ವಿಷ್ಣುಪ್ರಸಾದ್ ಬಹಳ ಹೊತ್ತು ಅಗಿದರು. ಅಗಿಯುತ್ತಲೇ ಅವರಿಗೆ ಒಂದು ಅಂಶ ಮನವರಿಕೆಯಾಯಿತು. "ಅನ್ನ ಎಲ್ಲಿ ಕೂಗುತ್ತದೋ ಅಲ್ಲೇ ಬೇಯುತ್ತದೆ. ಇಷ್ಟು ದಿನ ನಾವು ತಿಂದದ್ದು ಬರೀ ನಕಲು. ನಡೆಯಿರಿ, ಮೂಲ ಪ್ರತಿಯನ್ನೇ ತಿನ್ನೋಣ."

ಜೀಪು ಕುಶಾಲನಗರಕ್ಕೆ ಬಂತು. ರಂಗಮ್ಮನ ಹುರುಳಿ ಸಾರು ಉಂಡ ಮೇಲೆ ಘಟಕದವರಿಗೆ ಎಸ್ಟೇಟುಗಳಿಗೆ ಹಿಂದಿರುಗಲು ಸಕಾರಣ ಕಾಣಲಿಲ್ಲ. ಫೋನಿನಲ್ಲಿ ಬಂದ ಕೂಗು ಸಿಂಧುವಾದರೆ ಫೋನಿನಲ್ಲಿ ಬಂದ ಗಿಡವೂ ಸಿಂಧುವೇ ತಾನೆ? ಎಸ್ಟೇಟುಗಳಲ್ಲಿ ಲೆಕ್ಕ ಬರೆಯುವ ರೈಟರುಗಳು ಅಲ್ಲಿಂದಲೇ ಗಿಡದ ಲೆಕ್ಕ ಹೇಳತೊಡಗಿದರು. ಒಬ್ಬ ಊಟದ ಹೊತ್ತಿಗೆ ಫೋನ್ ಮಾಡಿ ನಲವತ್ತು ಸಾವಿರ ಗಿಡ ಬರೆಸಿದ, ಹಿನ್ನೆಲೆಯಲ್ಲಿ ಕುಕ್ಕರ್ ಕೂಗಿದ್ದು ಕೇಳಿ, "ಇವತ್ತು ಏನು ಮೇಡಂ, ಹುರುಳೀನಾ?" ಎಂದು ವಿಚಾರಿಸಿ, ಸಂತೋಷಕ್ಕೆ ಇನ್ನೆರಡು ಸಾವಿರ ಸೇರಿಸಿದ.

ಮಾರ್ಚ್ ಮೂವತ್ತೊಂದು ಕಳೆಯಿತು. ಪುಸ್ತಕದಲ್ಲಿ ಒಂದೇ ಒಂದು ಚೌಕ ಖಾಲಿ ಇರಲಿಲ್ಲ. ಏಪ್ರಿಲಿನಲ್ಲಿ ಆದೇಶ ಬಂದ ದಿನ ಸಿದ್ದರಾಜು ಹೊಸ ಅಂಗಿ ತೊಟ್ಟು ಅಂಗಳದಲ್ಲಿ ಕೈಕಟ್ಟಿ ನಿಂತ. ವಿಷ್ಣುಪ್ರಸಾದ್ ಎದ್ದು ನಿಂತು ಓದಿದರು:

"ಕೂಗು ಪುಸ್ತಕವನ್ನು ಪರಿಶೀಲಿಸಲಾಗಿ, 'ಕೂಗಿದವರ ಹೆಸರು' ಎಂಬ ಕಲಮಿನಲ್ಲಿ 'ಕುಕ್ಕರ್, ರಂಗಮ್ಮನವರ ಮನೆ, ಕುಶಾಲನಗರ' ಎಂದು ನಮೂದಾಗಿರುವುದು ಕಂಡುಬಂದಿರುತ್ತದೆ. ಸಂಕಷ್ಟದ ಕಾಲದಲ್ಲಿ ಸದರಿಯವರು ತೋರಿದ ಕರ್ತವ್ಯನಿಷ್ಠೆಯನ್ನು ಗಮನಿಸಿ, ಸದರಿ ಕುಕ್ಕರಿನ ಸೇವೆಯನ್ನು ಈ ಮೂಲಕ ಕಾಯಂಗೊಳಿಸಲಾಗಿದೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಅಭ್ಯಾಸಬಲದಿಂದ ಸಿದ್ದರಾಜುವೂ ತಟ್ಟಿದ.

"ಸಾರ್, ನಾನು?"

"ನೀವು ಬರೀ ಬೇಯಿಸಿದ್ದೀರಿ ಸಿದ್ದರಾಜು. ಒಂದು ಸಲವಾದರೂ ಕೂಗಿದ್ದೀರಾ?"

ಶಿಳ್ಳೆ ಹಾಕಿ ಕೂಗಿದ್ದು ತಿರಸ್ಕೃತವಾಗಿತ್ತಲ್ಲ, ಅವನು ಹೋಗಿ ಜಗಲಿಯ ಮೇಲೆ ಕೂತ. ಹಂಸಿನಿ ಕುಕ್ಕರಿನ ಹೆಸರಿನಲ್ಲಿ ಸೇವಾ ಪುಸ್ತಕ ತೆರೆದಳು. ಹುಟ್ಟಿದ ದಿನಾಂಕ ವಾರಂಟಿ ಕಾರ್ಡಿನಂತೆ ೨೦೦೬. ಹದಿನೆಂಟು ತುಂಬಿದೆ, ಅರ್ಹ. ಉಸಿರಾಟ ಸರಾಗ. ಗುರುತಿನ ಚಿಹ್ನೆ: ಎಡಪಕ್ಕದಲ್ಲಿ ಒಂದು ತಗ್ಗು.

"ಇದು ಹೇಗಾಯ್ತು ರಂಗಮ್ಮ?"

"ಇವರನ್ನೇ ಕೇಳು ತಾಯಿ. ಇವರು ಬಗ್ಗಿದ್ರು, ಗೋಡೆ ಬಗ್ಗಲಿಲ್ಲ."

ರಂಗಮ್ಮ ಆಗಲೇ ತವರಿಗೆ ಫೋನ್ ಮಾಡಿದ್ದಳು. "ನಂದೀ, ನಮ್ಮನೇಲೂ ಪರ್ಮನೆಂಟ್ ಆಯ್ತು ಕಣೋ!"

"ಭಾವಂಗಾ?"

"ನಮ್ಮನೇಲಿ ಅಂದ್ನಲ್ಲ, ಇಡು ಫೋನು!"

ಜಗಲಿಯ ಮೇಲೆ ಮಂಕಾಗಿ ಕೂತಿದ್ದ ಸಿದ್ದರಾಜುವಿನ ಮುಂದೆ ವಿಷ್ಣುಪ್ರಸಾದ್ ಸೇವಾ ಪುಸ್ತಕ ಹಿಡಿದರು. "ಇಲ್ಲಿ ನೋಡಿ. ಅವಲಂಬಿತರು: ಸಿದ್ದರಾಜು, ರಂಗಮ್ಮ. ಇನ್ನು ನೀವು ಸರ್ಕಾರಿ ನೌಕರರ ಕುಟುಂಬ."

ಸಿದ್ದರಾಜು ಎರಡೆರಡು ಸಲ ಓದಿದ. ಕಾಯಂ ಪುಸ್ತಕವೊಂದರಲ್ಲಿ ತನ್ನ ಹೆಸರು, ದುಂಡಗಿನ ಅಕ್ಷರದಲ್ಲಿ, ಮೊಹರಿನ ಸಮೇತ! ಮುಖ ಅಷ್ಟಗಲವಾಯಿತು.

ಮೇ ತಿಂಗಳಲ್ಲಿ ನೌಕರರಿಗೆ ಪ್ರವಾಸ ರಿಯಾಯಿತಿ ಮಂಜೂರಾಯಿತು, ಅವಲಂಬಿತರ ಸಮೇತ. ರಂಗಮ್ಮ ಸಮುದ್ರ ನೋಡಿರಲಿಲ್ಲ. ಮಂಗಳೂರಿನ ಬಸ್ಸು ಹತ್ತಿದರು. ಬಸ್ಸು ಕಿಕ್ಕಿರಿದಿತ್ತು. ರಂಗಮ್ಮನಿಗೆ ಒಂದು ಸೀಟು ಸಿಕ್ಕಿತು, ಪಕ್ಕದ ಕಿಟಕಿ ಸೀಟಿನಲ್ಲಿ ಕುಕ್ಕರ್. ಸಿದ್ದರಾಜು ಕಂಬಿ ಹಿಡಿದು ನಿಂತ.

"ಯಾರ್ರೀ ಇದನ್ನ ಸೀಟಿನ ಮೇಲಿಟ್ಟೋರು?" ಎಂದು ಕಂಡಕ್ಟರ್ ಲೋಹಿತ್ ಗದರಿದ.

ಸಿದ್ದರಾಜು ಗುರುತಿನ ಚೀಟಿ ತೆಗೆದು ಕೊಟ್ಟ. ಲೋಹಿತ್ ಫೋಟೋ ನೋಡಿದ, ಕುಕ್ಕರ್ ನೋಡಿದ, ಮೊಹರು ನೋಡಿದ. ಎರಡೂ ಕೈಯಲ್ಲಿ ಚೀಟಿ ಹಿಂದಿರುಗಿಸಿ, "ಗೊತ್ತಾಗಲಿಲ್ಲ ಸಾರ್," ಎಂದು ಕುಕ್ಕರಿಗೆ ಹೇಳಿದ. ಸಿದ್ದರಾಜುವಿಗೆ, "ನೀವು ಸ್ವಲ್ಪ ಹಿಂದೆ ಸರೀರಿ, ಅವರಿಗೆ ಗಾಳಿ ಬರ್ಲಿ," ಎಂದ.

ಸಂಪಾಜೆ ಘಾಟಿಯ ತಿರುವಿನಲ್ಲಿ ಅವರು ಒಂದು ಕಡೆಗೆ ವಾಲಿದಾಗ, ಹಿಂದಿನ ಸೀಟಿನ ಹಿರಿಯರೊಬ್ಬರು ಎದ್ದು ಬಂದು ನೆಟ್ಟಗೆ ಕೂರಿಸಿ, ವಿನಯದಿಂದ ವಿಚಾರಿಸಿದರು: "ಯಾವ ಇಲಾಖೆ?"

"ಗಿಡ ಎಣಿಕೆ," ಎಂದ ಸಿದ್ದರಾಜು, ಇಡೀ ಬಸ್ಸಿಗೆ ಕೇಳಿಸುವಂತೆ. "ಪರ್ಮನೆಂಟು."