ಕೆಂಪು ಪೆನ್ನು ಮತ್ತು ಸಾಸ್ವೆಹಳ್ಳಿಯ ಕುಬುಸ

ಶಾಲೆಯ ಮೇಷ್ಟ್ರುಗಳಿಗೆ ಇರುವ ದೊಡ್ಡ ಅನುಕೂಲವೆಂದರೆ ಗಂಟೆ. ಪಾಠ ಎಷ್ಟೇ ಹದಗೆಟ್ಟಿರಲಿ, ಗಂಟೆ ಹೊಡೆದ ಕೂಡಲೇ ಸೀಮೆಸುಣ್ಣ ಕೆಳಗಿಟ್ಟು ಮರ್ಯಾದೆಯಿಂದ ಹೊರಗೆ ಬರಬಹುದು. ಮನೆಯಲ್ಲೇ ಪಾಠ ಹೇಳುವ ತಾಯಿಗೆ ಆ ಭಾಗ್ಯವಿಲ್ಲ. ನಮ್ಮ ಮನೆಯಲ್ಲಿರುವುದು ಕುಕ್ಕರಿನ ಸೀಟಿ. ಅದು ಕೂಗಿದರೆ ಪಾಠ ನಿಲ್ಲುತ್ತದೆ ನಿಜ, ಆದರೆ ನಾನು ಒಲೆ ಸಣ್ಣ ಮಾಡಿ ಬರುವಷ್ಟರಲ್ಲಿ ತರಗತಿಯೇ ಖಾಲಿಯಾಗಿರುತ್ತದೆ. ತರಗತಿ ಎಂದರೆ ಒಬ್ಬಳೇ, ನನ್ನ ಮಗಳು ಸಿಂಚನ.

ಅವಳು ಶಾಲೆ ಬಿಟ್ಟು ಮನೆಯಲ್ಲಿ ಓದುವುದಕ್ಕೆ ಕಾರಣ ಅವಳಪ್ಪನ ವರ್ಗಾವಣೆ. ನಮ್ಮ ಯಜಮಾನರು ಬಸವರಾಜ್ ಪಶು ಆಸ್ಪತ್ರೆಯ ನೌಕರರು. ಚನ್ನಗಿರಿಯಲ್ಲಿ ಹಾಲಿನವನ ಗುರುತಾಗುವಷ್ಟರಲ್ಲಿ ನ್ಯಾಮತಿ, ನ್ಯಾಮತಿಯಲ್ಲಿ ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯುವಷ್ಟರಲ್ಲಿ ಜಗಳೂರು, ಈಗ ಹೊನ್ನಾಳಿ. ಇಲ್ಲಿಗೆ ಬಂದಾಗ ಸಿಂಚನ, "ಇನ್ನೊಂದು ಹೊಸ ಸ್ಕೂಲ್‌ನಾಗೆ ಎದ್ದು ನಿಂತು ಹೆಸರು ಹೇಳಾಕೆ ನನ್ನ ಕೈಲಾಗಲ್ಲಮ್ಮ. ನೀನೇ ಪಾಠ ಮಾಡು, ಹತ್ತನೇದು ಪ್ರೈವೇಟಾಗಿ ಕಟ್ತೀನಿ" ಎಂದಳು. ನಾನು ಎಂ.ಎ. ಕನ್ನಡ. ಯಾರಾದರೂ ಪರಿಚಯವಾದರೆ ಹೆಸರಿಗಿಂತ ಮುಂಚೆ ಇದನ್ನೇ ಹೇಳುವುದರಿಂದ ಬಂದ ವಾರದಲ್ಲೇ ಬೀದಿಯವರಿಗೆಲ್ಲ ಟೀಚರಮ್ಮನಾದೆ. ಗಣಿತ, ವಿಜ್ಞಾನಕ್ಕೆ ಟ್ಯೂಷನ್ ಹಿಡಿದೆವು. ಕನ್ನಡ ನನ್ನ ಪಾಲಿಗೆ ಬಂತು. ಅಲ್ಲಿಂದ ನನ್ನ ನೆಮ್ಮದಿ ಹಾಳಾಯಿತು.

ನಾನು ಹಾಕಿಕೊಂಡ ವ್ಯವಸ್ಥೆ ಸರಳವಾಗಿತ್ತು. ಬೆಳಿಗ್ಗೆ ವ್ಯಾಕರಣ, ಸಂಜೆ ಬರವಣಿಗೆ. ಆದರೆ ಸಮಾಸ ಹೇಳಿಕೊಡುತ್ತ ಕೂತರೆ, ಅಯ್ಯೋ ಹುಡುಗಿ ಸ್ವಂತವಾಗಿ ನಾಲ್ಕು ಸಾಲು ಬರೆಯದೆ ಹೋಗುತ್ತಾಳಲ್ಲ ಎಂಬ ಕಳವಳ. ಬರೆಯಲು ಬಿಟ್ಟರೆ, ವಿಭಕ್ತಿ ಪ್ರತ್ಯಯವೇ ಗೊತ್ತಿಲ್ಲದೆ ಏನು ಬರೆದಾಳು ಎಂಬ ಚಡಪಡಿಕೆ. ಬೆಳಗಿನ ಪಾಠವನ್ನು ಸಂಜೆಗೆ ತಂದೆ, ಸಂಜೆಯದನ್ನು ಬೆಳಿಗ್ಗೆಗೆ ಒಯ್ದೆ, ಒಂದು ವಾರ ಎರಡನ್ನೂ ಊಟದ ಹೊತ್ತಿಗೆ ತುರುಕಿದೆ. ಯಜಮಾನರನ್ನು ಕೇಳಿದರೆ, "ನೋಡು, ಬರೀ ಒಣಹುಲ್ಲು ಹಾಕಿದ್ರೆ ಎಮ್ಮೆ ಹಾಲು ಕೊಡಲ್ಲ, ಬರೀ ಹಸಿಹುಲ್ಲು ಹಾಕಿದ್ರೆ ಹೊಟ್ಟೆ ಉಬ್ಬರಿಸ್ತೈತೆ. ಬೆರೆಸಿ ಹಾಕ್ಬೇಕು" ಎಂದರು. ಅವರಿಗೆ ಸಂಸಾರದ ಯಾವ ಸಮಸ್ಯೆ ಹೇಳಿದರೂ ಅದು ಕೊಟ್ಟಿಗೆಗೆ ಹೋಗಿ ಪರಿಹಾರ ತರುತ್ತದೆ.

ಬೆರೆಸಿ ಹಾಕಿದೆ. ಅಂದರೆ ಅವಳು ಬರೆದದ್ದರಲ್ಲೇ ವ್ಯಾಕರಣ ಕಲಿಸತೊಡಗಿದೆ. ಜಗಳೂರಿನ ಬಸ್ ನಿಲ್ದಾಣದ ಬಗ್ಗೆ ಬರೆ ಎಂದಿದ್ದಕ್ಕೆ ಅವಳು, ಸೊಕ್ಕೆ ಎಂಬ ಹಳ್ಳಿಯಿಂದ ಬಂದ ಒಬ್ಬ ಅಜ್ಜಿ ಚೀಲದೊಳಗಿನ ಕೋಳಿಗೆ ಕಿಟಕಿ ಪಕ್ಕದ ಸೀಟು ಹಿಡಿದು, ಕಂಡಕ್ಟರನಿಗೆ "ಮೊದಲನೇ ಸಲ ಊರು ನೋಡಾಕತ್ತೈತೆ, ಕುಂತ್ಕಳ್ಳಿ ಬಿಡಪ್ಪ" ಎಂದದ್ದನ್ನು ಎರಡು ಪುಟ ಬರೆದಿದ್ದಳು. ಓದುತ್ತ ನನಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಕೆಂಪು ಪೆನ್ನು ಹಿಡಿದೆ. ಮುಗಿಯುವಷ್ಟರಲ್ಲಿ ಎರಡೂ ಪುಟಕ್ಕೆ ಕೆಂಪು ಗುಳ್ಳೆಯೆದ್ದು ಅಮ್ಮ ಬಂದಂತೆ ಕಾಣುತ್ತಿತ್ತು. ಅವಳ ಮುಂದಿನ ಪ್ರಬಂಧ ಒಂದು ಪುಟವಾಯಿತು, ಅದರ ಮುಂದಿನದು ಅರ್ಧ. ಕೊನೆಗೊಂದು ದಿನ ಹೊನ್ನಾಳಿ ಸಂತೆಯ ಬಗ್ಗೆ ಬರೆದು ತಂದಳು: "ಸಂತೆ ಸೇರಿತು. ಜನರು ಬಂದರು. ತರಕಾರಿಯನ್ನು ಕೊಂಡರು. ಮರಳಿದರು." ಎಲ್ಲಿ ಹುಡುಕಿದರೂ ಒಂದು ತಪ್ಪಿಲ್ಲ. ಪೂರ್ತಿ ಅಂಕ ಕೊಟ್ಟೆ. ಕೊಟ್ಟ ಮೇಲೆ ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಆಮೇಲೆ ಅವಳು ಅದನ್ನೂ ನಿಲ್ಲಿಸಿದಳು. "ಏನೂ ತೋಚ್ತಿಲ್ಲಮ್ಮ, ವ್ಯಾಕರಣನೇ ಮಾಡೋಣ" ಎನ್ನುತ್ತಿದ್ದಳು. ಎಷ್ಟೋ ದಿನ ಕಾದೆ. ಕೋಳಿಗೆ ಸೀಟು ಹಿಡಿದದ್ದನ್ನು ಬರೆದವಳು ಮತ್ತೆ ಬರೆಯದೇ ಹೋದರೆ ಅದು ನನ್ನ ಕೈಯಿಂದಲೇ ಆದದ್ದು ಎಂಬ ಸಂಕಟ ಅಡುಗೆಮನೆಗೂ ಹಿತ್ತಿಲಿಗೂ ನನ್ನನ್ನು ಸುಮ್ಮನೆ ಓಡಾಡಿಸುತ್ತಿತ್ತು.

ಇಂಥ ಹೊತ್ತಿನಲ್ಲಿ ಪಕ್ಕದ ಮನೆ ಗಿರಿಜಕ್ಕ ತನ್ನ ಮಗಳ ಕುಬುಸಕ್ಕೆ ಕರೆದಳು. ಬಸುರಿಗೆ ಹಸಿರು ಬಳೆ ತೊಡಿಸಿ, ಕುಬುಸ ಕೊಟ್ಟು, ಉಡಿ ತುಂಬುವ ಶಾಸ್ತ್ರ. ಸಾಸ್ವೆಹಳ್ಳಿಯ ಬೀಗರ ಮನೆಯಲ್ಲಿ. ಬೀದಿಯ ಹೆಂಗಸರೆಲ್ಲ ಒಂದೇ ಟೆಂಪೋದಲ್ಲಿ ಹೊರಟೆವು. ಸಿಂಚನಳನ್ನು ನಾನು ಕರೆಯಲಿಲ್ಲ, ಆದರೆ ಟೆಂಪೋ ಹತ್ತುವಾಗ ನೋಡಿದರೆ ಆಗಲೇ ಹೆಂಗಸರ ನಡುವೆ ಕೂತಿದ್ದಳು. ದಾರಿಯುದ್ದಕ್ಕೂ ಒಬ್ಬೊಬ್ಬರೂ ಅವಳ ಕಿವಿಯ ಹತ್ತಿರ ಬಗ್ಗುವುದು, ಏನೋ ಗುನುಗಿಕೊಳ್ಳುವುದು ನಡೆದಿತ್ತು. ಟ್ಯೂಷನ್ನಿನ ಸಂಗತಿ ಇರಬೇಕು ಎಂದುಕೊಂಡೆ. ಯಾವ ಟ್ಯೂಷನ್ನು ಎಂದು ಯೋಚಿಸಲಿಲ್ಲ.

ಶಾಸ್ತ್ರ ಮುಗಿದು ಊಟಕ್ಕೆ ಏಳುವಾಗ ಆ ಮನೆಯ ಹೆಂಗಸರು ಬಾಗಿಲಿಗೆ ಅಡ್ಡ ನಿಂತರು. ಈ ಕಡೆಯ ಪದ್ಧತಿ ನಿಮಗೆ ಗೊತ್ತಿರಬಹುದು. ಮದುವೆಯಾದವಳು ಒಡಪಿಟ್ಟು, ಅಂದರೆ ಪ್ರಾಸ ಕಟ್ಟಿ, ಗಂಡನ ಹೆಸರು ಹೇಳಬೇಕು. ಹೇಳದವಳಿಗೆ ಹೋಳಿಗೆ ಇಲ್ಲ. ಗಿರಿಜಕ್ಕ ಮುಂದೆ ಬಂದು ಸೆರಗು ಸರಿಮಾಡಿಕೊಂಡಳು. "ಕರೆಂಟ್ ಹೋದ್ರೆ ಫ್ಯಾನು ನಿಲ್ತೈತೆ, ನೆಟ್ ಹೋದ್ರೆ ಫೋನು ನಿಲ್ತೈತೆ, ನಮ್ಮ ರುದ್ರೇಶಪ್ಪಾರ ಗೊರಕೆ ಯಾವಾಗ ನಿಲ್ತೈತೆ?" ಮನೆಯೇ ಎದ್ದು ನಕ್ಕಿತು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು, ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಪ್ರತಿಯೊಬ್ಬಳೂ ಹೇಳುವ ಮುಂಚೆ ಒಮ್ಮೆ ಮೂಲೆಯ ಕಡೆ ನೋಡುತ್ತಿದ್ದಳು. ಮೂಲೆಯಲ್ಲಿ ನನ್ನ ಮಗಳು ತುಟಿ ಆಡಿಸುತ್ತ ನಿಂತಿದ್ದಳು.

"ಎಲ್ಲಾ ಸಿಂಚನಂದೇ ಕಣ್ರಿ ಟೀಚರಮ್ಮಾರೆ. ಯಾರ ಮನೆಯಾಗೆ ಏನು ನಡೀತೈತೆ ಅಂತ ಕೇಳ್ತಾಳ, ಆಮೇಲೆ ಅವರವರಿಗೆ ತಕ್ಕಂಗೆ ಕಟ್ಟಿಕೊಡ್ತಾಳ" ಎಂದಳು ಗಿರಿಜಕ್ಕ.

"ಬರೆದು ಕೊಡುತ್ತಾಳಾ?" ಎಂದೆ. ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು.

"ಇಲ್ರೀ, ಬಾಯಾಗೇ ಹೇಳಿಕೊಡ್ತಾಳ. ಬರೆದ್ರೆ ಅಮ್ಮನ ಕೈಗೆ ಸಿಗ್ತೈತೆ ಅಂತಾಳ."

ಹೊಟ್ಟೆಕಿಚ್ಚು, ಹೆಮ್ಮೆ, ನಾಚಿಕೆ ಮೂರೂ ಒಟ್ಟಿಗೆ ಆಗಬಹುದೆಂದು ನನಗೆ ಅಂದೇ ಗೊತ್ತಾಯಿತು. ಬೀದಿಗೆಲ್ಲ ಹಂಚಿದವಳು ನನಗೆ ಮಾತ್ರ ಏನೂ ತೋಚುತ್ತಿಲ್ಲ ಎಂದಿದ್ದಳು. ಅಷ್ಟರಲ್ಲಿ ನನ್ನ ಸರದಿ ಬಂತು. ಮೂಲೆಗೆ ಸರಿದು, "ನನಗೂ ಒಂದು ಹೇಳಿಕೊಡೇ" ಎಂದೆ.

"ಬ್ಯಾಡಮ್ಮ, ನೀನು ತಿದ್ತೀಯ."

"ಇಲ್ಲ, ತಿದ್ದಲ್ಲ."

"ತಿದ್ತೀಯಮ್ಮ" ಎಂದಳು. ಸಿಟ್ಟಿರಲಿಲ್ಲ, ನಾಳೆ ಸಂತೆ ಎನ್ನುವ ಹಾಗೆ ಹೇಳಿದಳು. ಹೇಳಿ, ಹೋಗಿ ಬಾಗಿಲಿಗೆ ಅಡ್ಡ ನಿಂತವರ ಜೊತೆ ತಾನೂ ನಿಂತಳು. ಸಿಟ್ಟು ಮಾಡಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಎಂ.ಎ. ಕನ್ನಡ ಒಬ್ಬಂಟಿಯಾಗಿ ನಿಂತಿತು. ತಲೆಯೊಳಗೆ ಮಾತ್ರೆ ಎಣಿಸಿದೆ, ಗಣ ವಿಭಾಗಿಸಿದೆ, ಆದಿಪ್ರಾಸವೋ ಅಂತ್ಯಪ್ರಾಸವೋ ನಿರ್ಧಾರವಾಗಲಿಲ್ಲ. ಒಳಗಿನಿಂದ ಹೋಳಿಗೆಯ ವಾಸನೆ. ಕೊನೆಗೆ ನನ್ನ ಬಾಯಿಂದ ಬಂದದ್ದು ಇದು: "ಉದ್ಯಾನದಲ್ಲಿ ಅರಳಿದ ಪುಷ್ಪವು ಸುಂದರವಾಗಿದೆ. ನನ್ನ ಪತಿಯ ಹೆಸರು ಬಸವರಾಜ ಎಂದಾಗಿದೆ."

ಯಾರೂ ನಗಲಿಲ್ಲ. ಬಸುರಿಯ ಪಕ್ಕ ಕೂತಿದ್ದ ಮುದುಕಿಯೊಬ್ಬಳು, "ಇದೇನವ್ವ, ರೇಡಿಯೋದಾಗೆ ವಾರ್ತೆ ಓದಿದಂಗಾತು" ಎಂದಳು. ಆಗ ನಕ್ಕರು. ಮತ್ತೊಂದು ಹೇಳಿಸದೆ ಬಿಡುವುದಿಲ್ಲ ಎಂದು ಕೂಗತೊಡಗಿದರು. ಸಿಂಚನಳೇ ಚೌಕಟ್ಟಿನ ಮೇಲಿಂದ ಕೈ ತೆಗೆದು, "ಹೋಗ್ಲಿ ಬಿಡ್ರಿ, ವ್ಯಾಕರಣ ಸರಿ ಐತೆ" ಎಂದು ನನ್ನನ್ನು ಊಟಕ್ಕೆ ಬಿಟ್ಟಳು.

ವಾಪಸು ಬರುವಾಗ ಟೆಂಪೋದಲ್ಲಿ ಅವಳ ಪಕ್ಕ ಜಾಗ ಹಿಡಿದು ಕೂತು, "ನೀನು ಮತ್ತೆ ಬರೆಯಬೇಕು ಸಿಂಚನ. ನನಗೆ ಓದಬೇಕು ಅನ್ನಿಸುತ್ತೆ" ಎಂದೆ. ಇಷ್ಟನ್ನು ಹೇಳಲು ನನಗೆ ಯಾವ ಸಿದ್ಧತೆಯೂ ಬೇಕಾಗಲಿಲ್ಲ. ಅವಳು ಕಿಟಕಿಯಿಂದ ನನ್ನ ಕಡೆ ತಿರುಗಿ, "ಬರೀತೀನಿ. ಆದ್ರೆ ನೀನೂ ಬರೀಬೇಕು. ನಂದು ನೀನು ಓದು, ನಿಂದು ನಾನು ಓದ್ತೀನಿ. ಕೈಯಾಗೆ ಪೆನ್ನು ಹಿಡ್ಕಂಡು ಓದಂಗಿಲ್ಲ" ಎಂದಳು.

ಹಾಗಾಗಿ ಈಗ ಬೆಳಿಗ್ಗೆ ನಾನು ಅವಳಿಗೆ ವ್ಯಾಕರಣ ಹೇಳುತ್ತೇನೆ, ಸಂಜೆ ಇಬ್ಬರೂ ಎದುರುಬದುರು ಕೂತು ಬರೆಯುತ್ತೇವೆ. ಅವಳ ಪುಟ ಸರಸರನೆ ತುಂಬುತ್ತದೆ. ಅದರಲ್ಲಿ ತಪ್ಪುಗಳೂ ಇರುತ್ತವೆ, ಅವನ್ನು ನೋಡಿ ಕೈ ತುರಿಸಿದಾಗ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಓದುತ್ತೇನೆ. ನಿನ್ನೆ ಅವಳು ನನ್ನದನ್ನು ಓದಿ, ಮಡಿಸಿ, ನನ್ನ ಮುಂದಿಟ್ಟು, "ಇನ್ನೊಂದ್ಸಲ ಬರಿ" ಎಂದಳು. ಏನು ತಪ್ಪಾಗಿದೆ ಎಂದು ಕೇಳಿದೆ. "ತಪ್ಪೇನಿಲ್ಲಮ್ಮ, ಅದ್ಕೇ" ಎಂದಳು. ನಾನು, ಒಲೆ ಮೇಲೆ ಹಾಲಿಟ್ಟಿದ್ದೆ, ಉಕ್ಕುತ್ತದೇನೋ ನೋಡಿ ಬರುತ್ತೇನೆ ಎಂದು ಎದ್ದೆ.

"ಹಾಲು ಫ್ರಿಜ್‌ನಾಗೈತೆ" ಎಂದಳು ಸಿಂಚನ, ಬರೆಯುತ್ತಲೇ, ತಲೆ ಎತ್ತದೆ. "ಕುಂತ್ಕ."