ಮೂಗಿನ ತುಂಡಿನಿಂದ ವಂಚಿತನಾದ ಅಳಿಯನ ಅಹವಾಲು

ಯೊಂಗ್‌ಸಾನ್‌ಪೋ ಊರಿನ ಬಾನ್ ಮನೆತನದ ಹಿತ್ತಲಲ್ಲಿ, ಮಣ್ಣಿನ ಜಾಡಿಯೊಳಗೆ ಭತ್ತದ ಹುಲ್ಲು ಹಾಸಿಕೊಂಡು, ಹದವಾಗಿ ಹುಳಿಯುತ್ತ ವಿರಾಜಮಾನರಾಗಿರುವ ಹೊಂಗೊ ಮೀನಿನವರ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಕ್ಷೇಮ ವಿಚಾರಿಸುವ ಅಗತ್ಯ ನನಗೆ ಬೀಳಲಿಲ್ಲ. ತಾವು ಕ್ಷೇಮವೆಂಬುದು ಬಸ್ಸಿನಿಂದ ಇಳಿಯುವಾಗಲೇ ಗಾಳಿಯಲ್ಲಿ ತಿಳಿಯಿತು. ಸಮುದ್ರದಲ್ಲಿದ್ದಾಗ ತಾವು ತೊರಕೆ ಜಾತಿಯ ಒಂದು ಸಾಧಾರಣ ಚಪ್ಪಟೆ ಮೀನಾಗಿದ್ದು, ಜಾಡಿ ಸೇರಿದ ಮೇಲಷ್ಟೇ ರೈಲು ನಿಲ್ದಾಣದ ಹಳೆಯ ಮೂತ್ರಾಲಯವನ್ನೂ ನಾಚಿಸುವ ಈ ವ್ಯಕ್ತಿತ್ವವನ್ನು ಸಂಪಾದಿಸಿದಿರೆಂದು ಬಲ್ಲೆ. ಅದರ ಬಗ್ಗೆ ನನ್ನ ದೂರಿಲ್ಲ. ನನ್ನ ದೂರು ಬೇರೆ, ದಯವಿಟ್ಟು ಪೂರ್ತಿ ಕೇಳಬೇಕು.

ನಾನು ಸಿಯೋಲ್‌ನಲ್ಲಿ ಹುಟ್ಟಿ, ಮೀನು ಕೆಟ್ಟಿದ್ದರೆ ಎಸೆಯಬೇಕು ಎಂಬ ಸಾಮಾನ್ಯ ತಿಳಿವಳಿಕೆಯಲ್ಲಿ ಬೆಳೆದವನು. ಬಾನ್ ಚಾಂಗ್‌ಸಿಕ್ ಅವರ ಹಿರಿಯ ಮಗಳು ಹ್ಯೊಸೊನ್‌ಳನ್ನು ನನಗೆ ಕೊಡಿ ಎಂದು ಕೇಳಲು ಮೊದಲ ಸಲ ಈ ಮನೆಗೆ ಬಂದಾಗ, ತಟ್ಟೆಯಲ್ಲಿ ತಮ್ಮ ಮೂಗಿನ ತುಂಡನ್ನು ನನ್ನ ಮುಂದಿಟ್ಟರು. ಒಂದು ಮೀನಿಗೆ ಒಂದೇ ಮೂಗು, ಅದು ಅತಿಥಿಗೇ ಸಲ್ಲಬೇಕು ಎಂಬುದು ಇಲ್ಲಿಯ ಪದ್ಧತಿ. "ತಗೊಳಪ್ಪಾ, ನಾಚ್ಕೋಬೇಡ. ಇದು ಎಲ್ಲರಿಗೂ ಸಿಗೋದಲ್ಲ" ಎಂದರು. ಬಾಯಿಗಿಟ್ಟೆ. ತಲೆಯೊಳಗಿನ ಕಿಟಕಿಗಳನ್ನೆಲ್ಲ ಯಾರೋ ಒದ್ದು ತೆರೆದಂತಾಗಿ, ಕಣ್ಣಿಂದ ಧಾರೆ ಇಳಿದು, ವಾರದಿಂದ ಬಾಯಿಪಾಠ ಮಾಡಿದ್ದ ಮಾತುಗಳಲ್ಲಿ ಒಂದೂ ಹೊರಡಲಿಲ್ಲ. ಅವರು ಹೆಂಡತಿಯತ್ತ ತಿರುಗಿ, "ನೋಡೇ, ನಮ್ಮ ಹುಡುಗಿ ಮೇಲೆ ಎಷ್ಟು ಪ್ರಾಣ ಇಟ್ಕೊಂಡಿದಾನೆ! ಕೊಟ್ಬಿಡೋಣ" ಎಂದುಬಿಟ್ಟರು. ಹೀಗೆ ನನ್ನ ಸಂಸಾರಕ್ಕೆ ತಾವೇ ಮೂಲಪುರುಷರು.

ಆಮೇಲೆ ಹಬ್ಬಹಬ್ಬಕ್ಕೂ, "ಅಳಿಯಂದಿರಿಗೆ ಮೂಗು ಬಡಿಸ್ರೇ" ಎಂಬ ಪ್ರೀತಿಯ ಶಿಕ್ಷೆ ತಪ್ಪಲಿಲ್ಲ. ತಮ್ಮನ್ನು ಹುಳಿ ಬಂದ ಎಲೆಕೋಸಿನ ಹಳೆಯ ಕಿಮ್ಚಿಯಲ್ಲಿ ಸುತ್ತಿದೆ, ಬೇಯಿಸಿದ ಹಂದಿಮಾಂಸದ ಕೆಳಗೆ ಬಚ್ಚಿಟ್ಟೆ, ಅಕ್ಕಿ ಹೆಂಡದಲ್ಲಿ ಮುಳುಗಿಸಿ ನುಂಗಿದೆ. ತಾವು ಎಲ್ಲೆಡೆಯಿಂದಲೂ ತಲೆಯೆತ್ತಿ ನನ್ನ ಕುಶಲ ವಿಚಾರಿಸಿದಿರಿ. ಎಂದು ಬದಲಾದೆನೋ ನನಗೇ ತಿಳಿಯದು; ಒಂದು ಚಳಿಗಾಲ ಸಿಯೋಲ್‌ನ ಕಚೇರಿ ಕ್ಯಾಂಟೀನಿನ ಊಟವೆಲ್ಲ ಒದ್ದೆ ಕಾಗದದಂತೆ ಕಂಡು, ಮೂತ್ರಾಲಯದ ಮುಂದೆ ಹಾದುಹೋಗುವಾಗ ಬಾಯಲ್ಲಿ ನೀರೂರಿತು. ಒಬ್ಬ ಮರ್ಯಾದಸ್ಥನನ್ನು ಈ ಸ್ಥಿತಿಗೆ ತಂದ ಮೇಲೆ, ಮಾನ್ಯರೇ, ತಾವು ಕೈಬಿಡಬಹುದೇ?

ಈ ಸಲದ ಸುಗ್ಗಿ ಹಬ್ಬಕ್ಕೆ ಬಸ್ಸಿನಲ್ಲಿ ದಾರಿಯುದ್ದಕ್ಕೂ ತಮ್ಮ ಮೂಗನ್ನೇ ಧ್ಯಾನಿಸುತ್ತ ಬಂದು ಕೂತೆ. ಮಾವನವರು ಚಾಕು ನನ್ನ ಕೈಗಿತ್ತು, "ಲೋ ಗಿಸೊಕ್, ನೀನೇ ಕೊಯ್ಯೋ. ಮೂಗು ಈ ಹುಡುಗನಿಗಿಡು" ಎಂದರು. ಹುಡುಗನೆಂದರೆ ನಾದಿನಿ ಮಿರಿಮ್‌ಳ ಕೈಹಿಡಿಯಲು ಕೇಳಬಂದಿದ್ದ ದೊಹುನ್, ನನ್ನ ಭಾವೀ ಷಡ್ಡಕ.

"ನಂಗೆ, ಮಾವ?"

"ನಿಂಗೇನೋ ಉಪಚಾರ? ನೀನು ಮನೆಯವನು. ರೆಕ್ಕೆ ತಿನ್ನು."

ಗಮನಿಸಬೇಕು: ಬೇಡವೆಂದು ಕಣ್ಣೀರಿಟ್ಟಾಗ ಅತಿಥಿ, ಬೇಕೆಂದು ಜೊಲ್ಲು ಸುರಿಸುವಾಗ ಮನೆಯವನು! ಇಂಥ ಗೌರವ ಯಾವ ಶತ್ರುವಿಗೂ ಬೇಡ.

ಅಷ್ಟರಲ್ಲಿ, ಮಾವನವರು ಹೆಂಡ ಬಗ್ಗಿಸುತ್ತಿದ್ದ ಹೊತ್ತು ನೋಡಿ, ದೊಹುನ್ ಆ ತುಂಡನ್ನು ಮೆಲ್ಲಗೆ ನನ್ನ ಬಟ್ಟಲಿಗೆ ಜಾರಿಸಿ, "ಅಣ್ಣಾ, ಕಾಪಾಡಿ, ಸತ್ತೇಹೋಗ್ತೀನಿ" ಎಂದು ಪಿಸುಗುಟ್ಟಿದ. ಕೇಳದೆ ಬಂದ ವರ! ಊಟದ ಕಡ್ಡಿಗಳಲ್ಲಿ ಹಿಡಿದು ತುಟಿಯವರೆಗೂ ತಂದೆ. ಎದುರಿಗೆ ಮಿರಿಮ್ ಕೂತಿದ್ದಳು. ಅವಳು ನನ್ನನ್ನಲ್ಲ, ಆ ಹುಡುಗನ ಒಣ ಕಣ್ಣುಗಳನ್ನು ನೋಡುತ್ತಿದ್ದಳು. ಈ ಮನೆಯಲ್ಲಿ ಹೆಣ್ಣು ಕೊಡುವುದು ಕಣ್ಣೀರು ನೋಡಿಯೇ ಎಂಬುದು ಅವಳಿಗೂ ಗೊತ್ತು, ನನಗೂ ಗೊತ್ತು. ಆ ತುಂಡು ನಾನು ತಿಂದರೆ ನನಗೆ ಸ್ವರ್ಗ, ಅವಳಿಗೆ ಮದುವೆಯಿಲ್ಲ.

ಮಾನ್ಯರೇ, ತಮ್ಮನ್ನು ವಾಪಸು ಅವನ ಬಟ್ಟಲಿಗೆ ಹಾಕಿದೆ. "ತಿನ್ನೋ ಮಾರಾಯ. ಉಸಿರು ಹಿಡೀಬೇಡ. ಚೆನ್ನಾಗಿ ಅಗಿದು ಮೂಗಲ್ಲಿ ಜೋರಾಗಿ ಬಿಡು" ಎಂದೆ. ಪಾಪ, ನಂಬಿದ. ಹುಡುಗ ಅತ್ತದ್ದು ಸಾಮಾನ್ಯ ಅಳುವಲ್ಲ. ಬಿಕ್ಕಿದ, ಮೇಜು ಹಿಡಿದುಕೊಂಡ. ಮಿರಿಮ್ ಮೇಜಿನ ಕೆಳಗೆ ನನ್ನ ಕಾಲನ್ನು ಕಾಲಿನಿಂದ ಮೆಲ್ಲಗೆ ತಟ್ಟಿದಳು. ಮಾವನವರಂತೂ ಹೆಂಡತಿಯತ್ತ ತಿರುಗಿ, "ನೋಡೇ, ದೊಡ್ಡ ಅಳಿಯನಿಗಿಂತ ಇವನೇ ವಾಸಿ!" ಎಂದರು. ನಾನು ರೆಕ್ಕೆ ತಿಂದೆ.

ಆದಕಾರಣ ತಮ್ಮಲ್ಲಿ ವಿನಂತಿ: ಒಂದೋ ತಾವು ಜಾಡಿಯಲ್ಲಿ ಕೂತಲ್ಲೇ ಇನ್ನೊಂದು ಮೂಗನ್ನು ಬೆಳೆಸಿಕೊಳ್ಳುವ ಕೃಪೆ ಮಾಡಬೇಕು, ಇಲ್ಲವೇ ವರ್ಷಕ್ಕೊಂದು ದಿನವಾದರೂ ನನ್ನನ್ನು ಪರಕೀಯನೆಂದು ಕಾಣುವಂತೆ ಮಾವನವರಿಗೆ ಬುದ್ಧಿ ಕೊಡಬೇಕು. ಇವೆರಡೂ ಆಗದಿದ್ದಲ್ಲಿ ನನ್ನ ನಾಲಿಗೆಯನ್ನು ಮೊದಲಿನಂತೆ ಮಾಡಿ ಹಿಂದಿರುಗಿಸಬೇಕು.

ತಮ್ಮ ವಿಶ್ವಾಸಿ,
ಯೊಮ್ ಗಿಸೊಕ್
(ಮಾಜಿ ಅತಿಥಿ)

ತಾ.ಕ.: ದೊಹುನ್ ನಿನ್ನೆ ಫೋನ್ ಮಾಡಿ, "ಅಣ್ಣಾ, ಯಾಕೋ ಅದೇ ನೆನಪಾಗ್ತಿದೆ, ಸಿಯೋಲ್‌ನಲ್ಲಿ ಎಲ್ಲಿ ಸಿಗುತ್ತೆ?" ಎಂದು ಕೇಳಿದ. ಗೊತ್ತಿಲ್ಲ ಎಂದೆ. ಮದುವೆಯೊಂದು ಆಗಿಬಿಡಲಿ, ಅವನೂ ಮನೆಯವನಾಗುತ್ತಾನೆ. ಮಾವನವರಿಗೆ ಮೂರನೆಯ ಮಗಳಿಲ್ಲ. ಆಗ ತಮ್ಮ ಮೂಗನ್ನು ತಾವು ಯಾರ ಮುಂದೆ ಎತ್ತಿಕೊಂಡು ತಿರುಗುತ್ತೀರೋ ನಾನೂ ನೋಡುತ್ತೇನೆ.